ಹಗೇವಿನಿಂದ ಪ್ರಯೋಗಾಲಯದವರೆಗೆ

(ಗೊರೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಗೊರೂರಿನಲ್ಲಿ ನಿಂತು ಜೀವವಿಜ್ಞಾನದ ಪ್ರಯೋಗಾಲಯಗಳನ್ನು ಹೇಗೆ ಕಟ್ಟಬೇಕು ಎಂಬ ಮಾತೆತ್ತಿದರೆ, ‘ಇಲ್ಲಿ ಹೇಮಾವತಿ ಇದೆ, ಅಣೆಕಟ್ಟು ಇದೆ, ರಾಮಸ್ವಾಮಿ ಅಯ್ಯಂಗಾರ್ಯರ ನೆನಪಿದೆ, ಪ್ರಯೋಗಾಲಯ ಎಲ್ಲಿಂದ ಬಂತು?’ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಇದ್ದ ಹಗೇವುಗಳನ್ನು ನೆನೆದರೆ ಸಾಕು.

ಹಗೇವು ಎಂದರೇನೆಂದು ಇಂದಿನ ಮಕ್ಕಳಿಗೆ ಹೇಳಬೇಕಾಗಿದೆ. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಕಿರಿದು, ಒಡಲು ಅಗಲ. ನೀರು ನಿಲ್ಲದ ಎತ್ತರದ ಜಾಗವನ್ನು, ಗಟ್ಟಿ ನೆಲವನ್ನು ನೋಡಿ ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಒಳಗಿದ್ದ ಕಾಳು ಉಸಿರಾಡುತ್ತ ಉಸಿರಾಡುತ್ತ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತುಂಬುತ್ತಿತ್ತು. ಆ ಗಾಳಿಯಲ್ಲಿ ಹುಳು ಹುಟ್ಟಲಾರದು, ಹುಟ್ಟಿದರೂ ಬದುಕಲಾರದು. ಆದರೆ ಅದೇ ಗಾಳಿ ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಆದ್ದರಿಂದ ಹಗೇವು ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು.

ಈ ಹಗೇವಿನಲ್ಲಿ ಮೂರು ತಿಳಿವಳಿಕೆಗಳು ಅಡಗಿವೆ. ಒಂದು, ಜಾಗದ ಆಯ್ಕೆ. ಎರಡು, ಗಾಳಿಯ ಹತೋಟಿ. ಮೂರು, ಒಳಗಿಳಿಯುವ ಮನುಷ್ಯನ ಪ್ರಾಣದ ಕಾಳಜಿ. ಇಂದು ಕೋಟಿಗಟ್ಟಲೆ ಹಣ ಸುರಿದು ಕಟ್ಟುವ ಜೀವವಿಜ್ಞಾನದ ಪ್ರಯೋಗಾಲಯವೂ ಈ ಮೂರರ ಮೇಲೆಯೇ ನಿಂತಿದೆ. ಅದಕ್ಕೆ ನಾಲ್ಕನೆಯದೊಂದು ಸೇರಿದೆ. ಅದನ್ನು ಮುಂದೆ ನೋಡೋಣ.

ಬಿತ್ತನೆ ಗಡ್ಡೆಯ ಕಷ್ಟ

ಪ್ರಯೋಗಾಲಯಕ್ಕೂ ಗೊರೂರಿಗೂ ಇರುವ ನೇರ ನಂಟು ಆಲೂಗಡ್ಡೆ. ಹಾಸನ ಸೀಮೆಯ ರೈತ ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಬಿತ್ತನೆ ಗಡ್ಡೆಗಾಗಿ ಮಾರುಕಟ್ಟೆಗೆ ಹೋಗುತ್ತಾನೆ. ಅಲ್ಲಿಗೆ ಬರುವ ಗಡ್ಡೆಯಲ್ಲಿ ಬಹುಪಾಲು ದೂರದ ಪಂಜಾಬಿನ ಜಲಂಧರದ ಕಡೆಯದು. ಚೀಲ ಬಿಚ್ಚಿ, ಗಡ್ಡೆ ಒತ್ತಿ, ಕಣ್ಣು ಎಣಿಸಿ ಕೊಂಡು ತರುತ್ತಾನೆ. ಗಡ್ಡೆಯ ಮೇಲಿನ ಕಣ್ಣು ಅವನಿಗೆ ಕಾಣುತ್ತದೆ. ಗಡ್ಡೆಯೊಳಗಿನ ವೈರಾಣು ಕಾಣುವುದಿಲ್ಲ. ಬೆಳೆ ಮಂಡಿಯುದ್ದ ಬಂದ ಮೇಲೆ ಎಲೆ ಮುದುರಿದಾಗ, ಇಲ್ಲವೇ ಜಡಿಮಳೆ ಹಿಡಿದು ಅಂಗಮಾರಿ ಬಂದು ಹೊಲವೆಲ್ಲ ಸುಟ್ಟಂತಾದಾಗ ಕೊಟ್ಟ ಹಣದ ಲೆಕ್ಕ ನೆನಪಾಗುತ್ತದೆ. ಈ ಅಂಗಮಾರಿ ಸಾಮಾನ್ಯದ ರೋಗವಲ್ಲ. 1845ರಿಂದ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದ ಬರಕ್ಕೆ ಮೂಲ ಇದೇ. ಅದರ ವೈಜ್ಞಾನಿಕ ಹೆಸರು ಫೈಟಾಫ್ತೊರಾ.

ಗಡ್ಡೆಯಿಂದ ಗಡ್ಡೆ ಬೆಳೆಯುವ ಬೆಳೆಗೆ ಒಂದು ಶಾಪವಿದೆ: ತಾಯಿಯ ರೋಗ ಮಗುವಿಗೂ ಬರುತ್ತದೆ. ಇದನ್ನು ಕತ್ತರಿಸುವ ದಾರಿಯನ್ನು ತೋರಿದವರು ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು. ರೋಗ ಹಿಡಿದ ಗಿಡದಲ್ಲಿಯೂ ಕುಡಿಯ ತುತ್ತತುದಿಗೆ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಆ ಬೆಳೆಯುವ ಬಿಂದುವಿಗೆ, ವೈರಾಣು ಸಾಮಾನ್ಯವಾಗಿ ತಲುಪಿರುವುದಿಲ್ಲ. ಆ ತುದಿಯನ್ನು ಕತ್ತರಿಸಿ, ಸಕ್ಕರೆ ಮತ್ತು ಲವಣಗಳ ಪಾಕದ ಮೇಲೆ ಗಾಜಿನ ಕೊಳವೆಯೊಳಗೆ ಬೆಳೆಸಿದರೆ ರೋಗವಿಲ್ಲದ ಸಸಿ ದೊರೆಯುತ್ತದೆ. 1952ರಲ್ಲಿ ಡೇಲಿಯಾ ಹೂವಿನ ಗಿಡದಲ್ಲಿ, 1955ರಲ್ಲಿ ಆಲೂಗಡ್ಡೆಯಲ್ಲಿ ಅವರು ಇದನ್ನು ಸಾಧಿಸಿದರು. ವಿಯೆಟ್ನಾಮಿನ ದಲತ್ ಭಾಗದ ರೈತರು ಇಂಥ ಸಸಿಗಳ ಕುಡಿ ಕತ್ತರಿಸಿ, ಬೇರು ಬರಿಸಿ, ಬಿತ್ತನೆ ಗಡ್ಡೆಯ ಬದಲು ನಾಟಿ ಮಾಡುವುದನ್ನು ಹಿಂದೆಯೇ ರೂಢಿಸಿಕೊಂಡರು. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರವೂ ಇದೇ ಪದ್ಧತಿಯನ್ನು ನಮ್ಮ ರೈತರ ಬಳಿಗೆ ತರುವ ಕೆಲಸದಲ್ಲಿ ತೊಡಗಿದೆ. ಇದರಿಂದ ಅಂಗಮಾರಿ ಬರುವುದೇ ಇಲ್ಲವೆಂದು ತಿಳಿಯಬಾರದು. ಅದು ಗಾಳಿ ಮಳೆಯ ಜೊತೆಗೂ ಬರುತ್ತದೆ. ಆದರೆ ರೋಗವನ್ನು ಹಣ ಕೊಟ್ಟು ಮನೆಗೆ ತರುವುದಾದರೂ ತಪ್ಪುತ್ತದೆ.

ನಾಲ್ಕು ಕೋಣೆಯ ಮನೆ

ಹೀಗೆ ಗಾಜಿನ ಕೊಳವೆಯಲ್ಲಿ ಸಸಿ ಬೆಳೆಸುವ ವಿದ್ಯೆಗೆ ಅಂಗಾಂಶ ಕೃಷಿ ಎಂದು ಹೆಸರು. ಅದರ ಪ್ರಯೋಗಾಲಯ ನೋಡುವುದಕ್ಕೆ ಸಣ್ಣದು. ಆದರೆ ಮನೆ ಕಟ್ಟುವ ಜಾಣ್ಮೆಯನ್ನೆಲ್ಲ ಬೇಡುವಂಥದು. ಮೊದಲ ಕೋಣೆಯಲ್ಲಿ ಪಾತ್ರೆ ತೊಳೆದು ಪಾಕ ಕಾಯಿಸುತ್ತಾರೆ. ಅದು ಒಂದು ಬಗೆಯ ಅಡುಗೆಮನೆಯೇ. ಕಾಯಿಸಿದ ಪಾಕವನ್ನು ಒತ್ತಡದ ಹಂಡೆಯಲ್ಲಿಟ್ಟು 121 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಸುಮಾರು 20 ನಿಮಿಷ ಬೇಯಿಸುತ್ತಾರೆ. ಇದು ಮನೆಯ ಕುಕ್ಕರಿನ ಅಣ್ಣ. ಎರಡನೆಯ ಕೋಣೆಯಲ್ಲಿ ಕುಡಿ ಕತ್ತರಿಸಿ ಪಾಕದ ಮೇಲೆ ಕೂರಿಸುತ್ತಾರೆ. ಅಲ್ಲಿ ಕೆಲಸಗಾರ್ತಿಯ ಮುಂದಿನ ಮೇಜಿನ ಮೇಲೆ ಸೋಸಿದ ಗಾಳಿ ಒಂದೇ ಸಮನೆ ಹರಿಯುತ್ತಿರುತ್ತದೆ. ಸೋಸುವ ಜರಡಿ ಎಷ್ಟು ನಯವೆಂದರೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್ ಎಂದಾದರೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಅದು ಹಿಡಿದು ನಿಲ್ಲಿಸುತ್ತದೆ. ಮೂರನೆಯ ಕೋಣೆಯಲ್ಲಿ ಸುಮಾರು 25 ಡಿಗ್ರಿ ಶಾಖದಲ್ಲಿ, ದಿನಕ್ಕೆ 16 ಗಂಟೆ ದೀಪದ ಬೆಳಕಿನಲ್ಲಿ ಸಸಿಗಳು ಅಟ್ಟಣೆಯ ಮೇಲೆ ಬೆಳೆಯುತ್ತವೆ. ನಾಲ್ಕನೆಯದು ಹೊರಗಿನ ನೆರಳುಮನೆ. ಗಾಜಿನೊಳಗೆ ಸುಕುಮಾರವಾಗಿ ಬೆಳೆದ ಸಸಿಗೆ ಲೋಕದ ಬಿಸಿಲು ಗಾಳಿಯನ್ನು ರೂಢಿ ಮಾಡಿಸುವ ಜಾಗ.

ಈ ನಾಲ್ಕು ಕೋಣೆಗಳು ಇರುವುದು ಮುಖ್ಯ; ಯಾವುದರ ಪಕ್ಕ ಯಾವುದು ಎಂಬುದು ಅದಕ್ಕಿಂತ ಮುಖ್ಯ. ಕೆಲಸ ಮೊದಲ ಕೋಣೆಯಿಂದ ನಾಲ್ಕನೆಯದಕ್ಕೆ ಹೊಳೆಯಂತೆ ಒಂದೇ ದಿಕ್ಕಿಗೆ ಹರಿಯಬೇಕು. ನೆರಳುಮನೆಯಿಂದ ಮಣ್ಣುಕಾಲಿನಲ್ಲಿ ಬಂದವನು ಎರಡನೆಯ ಕೋಣೆಯನ್ನು ಹಾದು ಹೋಗಬೇಕಾಗಿ ಬಂದರೆ ಆ ನಕ್ಷೆ ತಪ್ಪು. ಹಾಗೆ ಕಟ್ಟಿದ ಕಟ್ಟಡಕ್ಕೆ ಅಮೃತಶಿಲೆ ಹಾಸಿದರೂ ಕೊಳವೆಗಳಲ್ಲಿ ಬೂಷ್ಟು ಬರುವುದು ತಪ್ಪದು. ಗೋಡೆಯ ಬಿರುಕಿನಲ್ಲಿ ಬರುವ ಇರುವೆ ಸಾಲು, ಕಣ್ಣಿಗೆ ಬೀಳದ ನುಸಿ, ಮಳೆಗಾಲದ ಥಂಡಿಗೆ ಗೋಡೆಗೆ ಹಿಡಿಯುವ ಪಾಚಿ, ಇವೆಲ್ಲ ಅಲ್ಲಿನ ಶತ್ರುಗಳು.

ಇದನ್ನೆಲ್ಲ ಕೇಳಿದಾಗ ಹಳೆಯ ಮನೆಯ ಮಡಿ ನೆನಪಾಗುವುದು ಸಹಜ. ಕೈಕಾಲು ತೊಳೆದು ಬರುವುದು, ಬಟ್ಟೆ ಬದಲಿಸುವುದು, ಮುಟ್ಟಬಾರದ್ದನ್ನು ಮುಟ್ಟದಿರುವುದು, ಎಲ್ಲವೂ ಪ್ರಯೋಗಾಲಯದಲ್ಲಿಯೂ ಇವೆ. ಆದರೆ ಇಲ್ಲೊಂದು ದೊಡ್ಡ ಭೇದವನ್ನು ಮರೆಯಬಾರದು. ಮನೆಯ ಮಡಿ ಬಹಳ ಸಲ ಮನುಷ್ಯರನ್ನು ಹುಟ್ಟಿನಿಂದ ಎಣಿಸಿ ಹೊರಗೆ ನಿಲ್ಲಿಸಿತು. ಪ್ರಯೋಗಾಲಯದ ಮಡಿ ತಡೆಯುವುದು ಸೂಕ್ಷ್ಮಜೀವಿಯನ್ನು. ಕೈ ತೊಳೆದು ಕವಚ ತೊಟ್ಟವರು ಯಾವ ಕೇರಿಯವರಾದರೂ ಒಳಗೆ ಬರಬಹುದು. ತೊಳೆಯದವನು ನಿರ್ದೇಶಕನೇ ಆದರೂ ಹೊರಗೇ ನಿಲ್ಲಬೇಕು. ಗೋಡೆ ಯಾವುದನ್ನು ತಡೆಯಬೇಕು, ಯಾರನ್ನು ತಡೆಯಬಾರದು ಎಂಬುದೇ ಸಂಶೋಧನೆಯ ಮನೆ ಕಟ್ಟುವವರ ಮುಂದಿರುವ ನಾಲ್ಕನೆಯ ಪ್ರಶ್ನೆ.

ಒಳಗಿನ ಗಾಳಿ, ಹೊರಗಿನ ಗಾಳಿ

ಆಲೂಗಡ್ಡೆಯ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕೊಂಚ ಹೆಚ್ಚಿಗೆ ಇಡುತ್ತಾರೆ. ಬಾಗಿಲು ತೆರೆದರೆ ಒಳಗಿನ ಶುದ್ಧ ಗಾಳಿ ಹೊರಕ್ಕೆ ನುಗ್ಗುತ್ತದೆ, ಹೊರಗಿನ ಧೂಳು ಒಳಕ್ಕೆ ಬರುವುದಿಲ್ಲ. ಮನುಷ್ಯನನ್ನು ಕೊಲ್ಲುವ ರೋಗಾಣುಗಳ ಕೋಣೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಒಳಗಿನ ಒತ್ತಡ ಕಡಿಮೆ. ಬಾಗಿಲು ತೆರೆದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಹೊರಹೋಗುವ ಗಾಳಿ ಜರಡಿ ಹಾದೇ ಹೋಗಬೇಕು. ಒಂದು ಕಡೆ ಕಾಳನ್ನು ಹುಳುವಿನಿಂದ ಕಾಯುವುದು, ಇನ್ನೊಂದು ಕಡೆ ಇಳಿಯುವವನನ್ನು ವಿಷಗಾಳಿಯಿಂದ ಕಾಯುವುದು. ಹಗೇವಿನ ಎರಡು ಪಾಠಗಳು ಇಲ್ಲಿ ಎರಡು ಕೋಣೆಗಳಾಗಿವೆ.

ಎರಡನೆಯ ಬಗೆಯ ಕೋಣೆ ಏಕೆ ಬೇಕೆಂಬುದನ್ನು ಕರ್ನಾಟಕ ಬಲು ಕಷ್ಟದಿಂದ ಕಲಿಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಕಾಡಿಗೆ ಸೌದೆ ಸೊಪ್ಪಿಗೆಂದು ಹೋದವರು ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಂಡ ಬಂದು, ಉಣ್ಣಿಯಿಂದ ಹರಡುವ ಹೊಸ ವೈರಾಣುವೊಂದನ್ನು ಗುರುತಿಸಿತು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಹೀಗೆ ಸೇರಿತು. ಜನ ಅದನ್ನು ಮಂಗನ ಕಾಯಿಲೆ ಎಂದರು. ಆ ವೈರಾಣುವನ್ನು ಅಭ್ಯಾಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ ಅನೇಕ ಪ್ರಸಂಗಗಳು ದಾಖಲಾಗಿವೆ. ಕಾಡಿಗೆ ಕಾಲಿಡದವರೂ ಕಾಡಿನ ಜ್ವರದಿಂದ ಮಲಗಿದರು. ಇಂಥ ಅನುಭವಗಳಿಂದಲೇ ಜಗತ್ತಿನಲ್ಲಿ ಜೈವಿಕ ಸುರಕ್ಷತೆಯ ನಾಲ್ಕು ಹಂತಗಳು ರೂಪುಗೊಂಡವು. ಮೊದಲ ಹಂತ ಕಾಲೇಜಿನ ಪ್ರಯೋಗಶಾಲೆಯಂಥದು. ನಾಲ್ಕನೆಯದರಲ್ಲಿ ಕೆಲಸಗಾರ ಗಾಳಿ ತುಂಬಿದ ಉಡುಪಿನೊಳಗೆ ಮುಳುಗುಗಾರನಂತೆ ನಡೆಯುತ್ತಾನೆ. ಭಾರತದಲ್ಲಿ ಅಂಥ ನಾಲ್ಕನೆಯ ಹಂತದ ಪ್ರಯೋಗಾಲಯ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಲ್ಲಿ ಸಿದ್ಧವಾಯಿತು. ಕ್ಯಾಸನೂರಿನ ಮಂಗ ಸತ್ತು 55 ವರ್ಷಗಳಾದ ಮೇಲೆ.

ಹಾಸನದವರಿಗೆ ಇನ್ನೂ ಹತ್ತಿರದ ನೆನಪೊಂದಿದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ರಾಜ್ಯದಲ್ಲಿ ಪರೀಕ್ಷೆ ಮಾಡಬಲ್ಲ ಸರ್ಕಾರಿ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದೂ ಒಂದು. ಆ ಪರೀಕ್ಷೆಯಲ್ಲಿ ವೈರಾಣುವಿನ ಒಂದು ತುಣುಕನ್ನು ಕೋಟಿ ಕೋಟಿ ಪಟ್ಟು ಹೆಚ್ಚಿಸಿ ಗುರುತಿಸುತ್ತಾರೆ. ಹೆಚ್ಚಿಸಿದ ಆ ತುಣುಕಿನ ಒಂದು ಕಣ ಗಾಳಿಯಲ್ಲಿ ತೇಲಿ ಮತ್ತೊಬ್ಬರ ಮಾದರಿಗೆ ಬಿದ್ದರೆ, ರೋಗವಿಲ್ಲದವರಿಗೂ ರೋಗವಿದೆಯೆಂಬ ಉತ್ತರ ಬರುತ್ತದೆ. ಆದ್ದರಿಂದ ರಾಸಾಯನಿಕ ಬೆರೆಸುವ ಕೋಣೆ, ಮಾದರಿ ಬಿಡಿಸುವ ಕೋಣೆ, ಹೆಚ್ಚಿಸುವ ಕೋಣೆ ಬೇರೆ ಬೇರೆಯಾಗಿರಬೇಕು. ಮೂರನೆಯದರಿಂದ ಮೊದಲನೆಯದಕ್ಕೆ ಯಾರೂ ಯಾವುದೂ ಹಿಂದಿರುಗಬಾರದು. ಸಾವಿರಾರು ಮನೆಗಳ ನೆಮ್ಮದಿ ಒಂದು ಬಾಗಿಲು ಎಲ್ಲಿದೆ ಎಂಬುದರ ಮೇಲೆ ನಿಂತಿತ್ತು ಎಂದರೆ ತಪ್ಪಾಗಲಾರದು.

ರೋಗವಿದ್ದಲ್ಲಿಗೆ ಪ್ರಯೋಗಾಲಯ

ಜಾಗದ ಆಯ್ಕೆಯ ವಿಷಯಕ್ಕೆ ಬಂದರೆ, ನಮ್ಮ ನಾಡಿನಲ್ಲಿ ಇದನ್ನು ಚೆನ್ನಾಗಿ ತಿಳಿದಿದ್ದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದ ಅವರ ಮುಂದೆ ಮೊದಲು ನಿಂತ ಸಮಸ್ಯೆಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವೂ ಒಂದು. ಮಳೆಗೆ ಮೊದಲು ಮರ ಹತ್ತಿ ಗೊನೆಗೊನೆಗೂ ಕೊಟ್ಟೆ ಕಟ್ಟುವುದು ಬೆಳೆಗಾರರು ತಿಳಿದಿದ್ದ ಉಪಾಯವಾಗಿತ್ತು. ಕೋಲ್ಮನ್ ರೋಗದ ಕಾರಣವನ್ನು ಗುರುತಿಸಿದರು. ಅದು ಆಲೂಗಡ್ಡೆಯ ಅಂಗಮಾರಿಯ ದಾಯಾದಿ, ಅದೇ ಫೈಟಾಫ್ತೊರಾ ಕುಲದ್ದು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ಇಂದಿಗೂ ಮಲೆನಾಡಿನಲ್ಲಿ ಆ ಸಿಂಪರಣೆ ನಡೆಯುತ್ತಿದೆ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಹೆಬ್ಬಾಳದ ಕೃಷಿ ಶಾಲೆಗೆ ನೆಲೆ ಹಾಕಿದರು. ಕಾಫಿಯ ರೋಗಗಳ ಅಭ್ಯಾಸಕ್ಕೆ ಕಾಫಿ ಬೆಳೆಯುವ ಬಾಳೆಹೊನ್ನೂರಿನ ಬಳಿ 1925ರಲ್ಲಿ ಸಂಶೋಧನಾ ಕೇಂದ್ರ ತೆರೆದರು. ರಾಜಧಾನಿಯಲ್ಲಿ ಕುಳಿತು ಎಲೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವುದಕ್ಕಿಂತ, ಎಲೆಯಿರುವಲ್ಲಿಗೆ ಸೂಕ್ಷ್ಮದರ್ಶಕವನ್ನು ಒಯ್ಯುವುದು ಲೇಸೆಂಬುದು ಅವರ ನಡೆಯಲ್ಲಿ ಕಾಣುತ್ತದೆ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಕಟ್ಟಡ ಎದ್ದಿತು. ಜಮಸೇಟ್‌ಜಿ ಟಾಟಾ ಅವರ ಕನಸಿನಿಂದ, ಮೈಸೂರಿನ ಅರಸರು ಕೊಟ್ಟ 371 ಎಕರೆ ನೆಲದಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ ಅದು. ಕಲ್ಲಿನ ಆ ಮುಖ್ಯ ಕಟ್ಟಡ ಇಂದಿಗೂ ನೋಡುವವರನ್ನು ನಿಲ್ಲಿಸುತ್ತದೆ. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾಯಿತು. ಆದರೆ ಕಟ್ಟಡ ಎಷ್ಟು ಭವ್ಯವಾದರೂ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 1933ರಲ್ಲಿ ಮುಂಬಯಿಯಿಂದ ಬಂದ ಕಮಲಾ ಸೊಹೊನಿ ಎಂಬ ವಿದ್ಯಾರ್ಥಿನಿಗೆ, ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ಸಿಗಲಿಲ್ಲ. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಆಕೆ ಹಟ ಹಿಡಿದ ಮೇಲೆ ಷರತ್ತುಗಳೊಡನೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ದುಡಿದ ಆಕೆ ಮುಂದೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಬೇಳೆಕಾಳು, ಹಾಲು, ನೀರಾಗಳ ಪೌಷ್ಟಿಕತೆಯ ಮೇಲೆ ಆಕೆ ನಡೆಸಿದ ಸಂಶೋಧನೆ ಬಡವರ ಊಟದ ತಟ್ಟೆಗೆ ಸಂಬಂಧಿಸಿದ್ದು. ಆ ಬಾಗಿಲು ಮುಚ್ಚಿಯೇ ಇದ್ದಿದ್ದರೆ ನಷ್ಟ ಆಕೆಯೊಬ್ಬರದೇ ಆಗುತ್ತಿರಲಿಲ್ಲ.

ತಪ್ಪಿ ಕಲಿತ ವಾಸ್ತುಶಿಲ್ಪಿ

ಸಂಶೋಧನಾಲಯ ಕಟ್ಟುವುದರಲ್ಲಿ ದೊಡ್ಡವರೂ ಎಡವಿದ್ದಾರೆ. ಅಮೆರಿಕದ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಇಟ್ಟಿಗೆ ಕಟ್ಟಡಗಳನ್ನು ರೂಪಿಸಿದವರೂ ಇವರೇ. ಫಿಲಡೆಲ್ಫಿಯಾದಲ್ಲಿ 1960ರ ಸುಮಾರಿಗೆ ಅವರು ಕಟ್ಟಿದ ರಿಚರ್ಡ್ಸ್ ವೈದ್ಯಕೀಯ ಸಂಶೋಧನಾಲಯವನ್ನು ವಾಸ್ತುಶಿಲ್ಪ ಲೋಕ ಕೊಂಡಾಡಿತು. ಒಳಗೆ ಕೆಲಸ ಮಾಡುವವರು ಮಾತ್ರ ಗೋಳಾಡಿದರು. ಗಾಜಿನ ಕಿಟಕಿಗಳಿಂದ ಬಿಸಿಲು ನೇರ ಕಣ್ಣಿಗೆ ಬಡಿಯುತ್ತಿತ್ತು. ವಿಜ್ಞಾನಿಗಳು ಕಿಟಕಿಗೆ ತವರದ ಹಾಳೆ, ಕಾಗದ ಅಂಟಿಸಿಕೊಂಡರು. ಮೇಲೆ ತೆರೆದಿಟ್ಟ ಕೊಳವೆಗಳ ಮೇಲೆ ಧೂಳು ಕೂರುತ್ತಿತ್ತು. ಗೋಪುರದಂತೆ ಮೇಲೆದ್ದ ಕಟ್ಟಡದಲ್ಲಿ ಕೋಣೆಗಳು ಇಕ್ಕಟ್ಟಾದವು.

ಕಾನ್ ಆ ದೂರುಗಳಿಂದ ಕಲಿತರು. ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಜೀವವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಿಕೊಡಲು ಕೇಳಿದಾಗ, ನಕ್ಷೆ ಬೇರೆಯೇ ಆಯಿತು. 1965ರಲ್ಲಿ ಮುಗಿದ ಆ ಕಟ್ಟಡದಲ್ಲಿ ಪ್ರತಿಯೊಂದು ಪ್ರಯೋಗಾಲಯದ ಮೇಲೂ ಒಂದು ಅಟ್ಟವಿದೆ. ನೀರು, ಗಾಳಿ, ಅನಿಲ, ವಿದ್ಯುತ್ತಿನ ಕೊಳವೆಗಳೆಲ್ಲ ಆ ಅಟ್ಟದಲ್ಲಿ. ಕೊಳವೆ ಕೆಟ್ಟರೆ ರಿಪೇರಿಯವನು ಅಟ್ಟದಲ್ಲಿ ನಡೆದಾಡಿ ಸರಿಮಾಡುತ್ತಾನೆ. ಕೆಳಗೆ ಪ್ರಯೋಗ ನಿಲ್ಲುವುದಿಲ್ಲ. ಪ್ರಯೋಗಾಲಯದ ನಡುವೆ ಕಂಬಗಳಿಲ್ಲ. ವಿಜ್ಞಾನ ಬದಲಾದಂತೆ ಒಳಗಿನ ಮೇಜು ಗೋಡೆಗಳನ್ನು ಬದಲಿಸಿಕೊಳ್ಳಬಹುದು. ಎರಡು ಸಾಲು ಕಟ್ಟಡಗಳ ನಡುವೆ ತೆರೆದ ಅಂಗಳ, ಅಂಗಳದ ನಡುವೆ ಕಡಲಿನತ್ತ ಹರಿಯುವ ಸಣ್ಣ ನೀರಿನ ಕಾಲುವೆ. ಯಂತ್ರಕ್ಕೆ ಅಟ್ಟ, ಮನುಷ್ಯನಿಗೆ ಅಂಗಳ. ನೋಡುವವರ ಹೊಗಳಿಕೆಗಿಂತ ಒಳಗೆ ದುಡಿಯುವವರ ದೂರಿಗೆ ಬೆಲೆ ಕೊಟ್ಟಿದ್ದರಿಂದ ಕಾನ್ ಅವರ ಎರಡನೆಯ ಕಟ್ಟಡ ಮೊದಲನೆಯದನ್ನು ಮೀರಿಸಿತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1962ರಲ್ಲಿ ತೆರೆದ ಅಣುಜೀವವಿಜ್ಞಾನ ಪ್ರಯೋಗಾಲಯದ್ದು ಇನ್ನೊಂದು ಪಾಠ. ಆ ಕಟ್ಟಡಕ್ಕೆ ವಾಸ್ತುಶಿಲ್ಪದ ಮೆರುಗೇನೂ ಇರಲಿಲ್ಲ. ಅದರ ಮುಖ್ಯಸ್ಥ ಮ್ಯಾಕ್ಸ್ ಪೆರುಟ್ಜ್ ಮೇಲಂತಸ್ತಿನಲ್ಲಿ ಒಂದು ಕ್ಯಾಂಟೀನು ಇರಬೇಕೆಂದು ಪಟ್ಟು ಹಿಡಿದರು. ಅವರ ಪತ್ನಿ ಗಿಸೆಲಾ ಅದನ್ನು ಬಹುಕಾಲ ನೋಡಿಕೊಂಡರು. ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಚಹಾಕ್ಕೆ ನೊಬೆಲ್ ಪಡೆದವರೂ ಹೊಸದಾಗಿ ಸೇರಿದ ಹುಡುಗರೂ ಒಂದೇ ಮೇಜಿಗೆ ಬರುತ್ತಿದ್ದರು. ಒಬ್ಬನ ಪ್ರಯೋಗದ ತೊಡಕು ಇನ್ನೊಬ್ಬನ ಮಾತಿನಲ್ಲಿ ಬಿಡಿಸಿಕೊಳ್ಳುತ್ತಿತ್ತು. ಆ ಮನೆಯಿಂದ ಬಂದ ನೊಬೆಲ್ ಬಹುಮಾನಗಳು ಹತ್ತನ್ನು ಮೀರಿವೆ. ಹಳ್ಳಿಯ ಜಗಲಿ ಕಟ್ಟೆಯ ಬೆಲೆ ತಿಳಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ತೊಟ್ಟಿಮನೆಯ ನೆನಪು

ಈ ಪಾಠಗಳು ಕರ್ನಾಟಕಕ್ಕೆ ಬಂದಾಗ ಹೊಸದೇನನ್ನೋ ಕಲಿತಂತಾಗಲಿಲ್ಲ, ಮರೆತದ್ದು ನೆನಪಾದಂತಾಯಿತು. ಹಳೆ ಮೈಸೂರು ಸೀಮೆಯ ತೊಟ್ಟಿಮನೆಯನ್ನು ನೆನೆಯಿರಿ. ಸುತ್ತ ಕೋಣೆಗಳು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬದ ಪಡಸಾಲೆ. ಕಣಜದ ಕೋಣೆ ಕತ್ತಲು, ಅಡುಗೆಮನೆ ಬೇರೆ, ಬಾಣಂತಿಯ ಕೋಣೆ ಬೆಚ್ಚಗೆ. ಆದರೆ ಯಾವ ಕೋಣೆಯಿಂದ ಹೊರಬಂದರೂ ಎಲ್ಲರೂ ಎದುರಾಗುವುದು ತೊಟ್ಟಿಯಲ್ಲೇ. ಬೇರೆ ಇಡಬೇಕಾದ್ದನ್ನು ಬೇರೆ ಇಟ್ಟು, ಕೂಡಬೇಕಾದವರನ್ನು ಕೂಡಿಸುವ ಮನೆ ಅದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ ಸ್ಥಾಪನೆಯಾಯಿತು. ಸಿ.ಎನ್.ಆರ್. ರಾವ್ ಅವರು ಕಟ್ಟಿ ಬೆಳೆಸಿದ ಆ ಸಂಸ್ಥೆಗೆ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ. ಆಕಾಶಕ್ಕೆ ತೆರೆದ ಜಾಗವೇ ಬಿಸಿಲುನಾಡಿನ ಕಟ್ಟಡದ ಉತ್ತಮ ಕೋಣೆ ಎಂಬುದು ಅವರು ಜೀವನವಿಡೀ ಹೇಳಿದ ಮಾತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ್ದು ಇನ್ನೊಂದು ಕಥೆ. ಹೋಮಿ ಭಾಭಾ ಅವರ ಕರೆಯ ಮೇಲೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ವಿಭಾಗ ತೆರೆದ ಒಬೈದ್ ಸಿದ್ದಿಕಿ, 1990ರ ದಶಕದಲ್ಲಿ ಆ ಕೆಲಸವನ್ನು ಬೆಂಗಳೂರಿಗೆ ತಂದರು. ಹಣ್ಣಿನ ನೊಣದ ವಾಸನೆ ರುಚಿಗಳ ಅರಿವನ್ನು ಅಭ್ಯಾಸ ಮಾಡಿದ ವಿಜ್ಞಾನಿ ಅವರು. ಹೆಬ್ಬಾಳದ ಕೃಷಿ ಪರಂಪರೆ ಮುಂದುವರಿದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ನೆಲದಲ್ಲಿ, ರಾಜ್ ರೇವಾಲ್ ಅವರ ನಕ್ಷೆಯಂತೆ ಹೊಸ ಆವರಣ ಎದ್ದಿತು. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡೆಗಳಿಗೆ ಓಣಿ, ಅಂಗಳಗಳ ಊರನ್ನೇ ಕಟ್ಟಿದ್ದ ರೇವಾಲ್, ಇಲ್ಲಿಯೂ ಅಂಗಳಗಳ ಸುತ್ತ ಪ್ರಯೋಗಾಲಯಗಳನ್ನು ಹೆಣೆದರು.

ಅಂಗಳ ಬರಿಯ ಸೊಗಸಿಗಲ್ಲ. ಅದರಲ್ಲಿ ಲೆಕ್ಕಾಚಾರವೂ ಇದೆ. ರೋಗಾಣು ಮತ್ತು ರಾಸಾಯನಿಕಗಳ ಕೋಣೆಯ ಗಾಳಿಯನ್ನು ಕಚೇರಿಯ ಗಾಳಿಯಂತೆ ಸುತ್ತಿ ಸುತ್ತಿ ಬಳಸಲಾಗದು. ಒಮ್ಮೆ ತಂಪು ಮಾಡಿದ ಗಾಳಿಯನ್ನು ಹೊರಗೆ ಚೆಲ್ಲಿ ಹೊಸ ಗಾಳಿ ತರಬೇಕು. ಆದ್ದರಿಂದಲೇ ಪ್ರಯೋಗಾಲಯದ ವಿದ್ಯುತ್ ಖರ್ಚು ಸಾಧಾರಣ ಕಚೇರಿಗಿಂತ ಹಲವು ಪಟ್ಟು ಹೆಚ್ಚು. ಇಡೀ ಕಟ್ಟಡವನ್ನು ಗಾಜಿನ ಪೆಟ್ಟಿಗೆ ಮಾಡಿ ಯಂತ್ರದಿಂದ ತಂಪು ಮಾಡುವುದು ನಮ್ಮ ಹವೆಗೆ ದುಂದು. ಬೇಕಾದ ಕೋಣೆಗಳನ್ನು ಮಾತ್ರ ಬಿಗಿಯಾಗಿ ಮುಚ್ಚಿ, ನಡೆಯುವ, ಕೂರುವ, ಓದುವ, ಉಣ್ಣುವ ಜಾಗಗಳನ್ನು ಪಡಸಾಲೆ ಅಂಗಳಗಳಿಗೆ ಬಿಟ್ಟರೆ ಹಣವೂ ಉಳಿಯುತ್ತದೆ, ಮಾತೂ ಬೆಳೆಯುತ್ತದೆ. ದುಬಾರಿ ಸೂಕ್ಷ್ಮದರ್ಶಕಗಳನ್ನು ಒಬ್ಬೊಬ್ಬರ ಕೋಣೆಗೊಂದರಂತೆ ಇಡದೆ ಎಲ್ಲರ ಬಳಕೆಗೆ ಒಂದೆಡೆ ಇಡುವ ಪದ್ಧತಿಯೂ ಇಂಥ ಆವರಣಗಳಲ್ಲಿ ಬೆಳೆದಿದೆ. ಕಣದಲ್ಲಿ ಊರಿಗೆಲ್ಲ ಒಂದೇ ರೋಣಗಲ್ಲು ಸಾಕಾಗುತ್ತಿದ್ದಂತೆ ಇದು.

ಫಲಕದಲ್ಲಿಲ್ಲದ ಹೆಸರು

ಕಟ್ಟುವುದು ಒಂದು ಕೆಲಸವಾದರೆ, ಕಟ್ಟಿದ್ದನ್ನು ನಡೆಸುವುದು ಹತ್ತು ಕೆಲಸ. ಗಾಳಿ ಸೋಸುವ ಜರಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ತುಂಬಿದಾಗ ಬದಲಿಸಬೇಕು. ಒತ್ತಡದ ಹಂಡೆ ನಿಜವಾಗಿಯೂ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿದೆಯೇ ಎಂದು ನೋಡುತ್ತಿರಬೇಕು. ಕರೆಂಟು ಹೋದ ಕೂಡಲೇ ಜನರೇಟರು ಹಿಡಿಯಬೇಕು. ಹಿಡಿಯದಿದ್ದರೆ ಸಸಿಗಳ ಕೋಣೆ ಕಾಯುತ್ತದೆ, ಮೈನಸ್ 80 ಡಿಗ್ರಿಯಲ್ಲಿಟ್ಟ ಮಾದರಿಗಳು ಕರಗುತ್ತವೆ, ರೋಗಾಣುಗಳ ಕೋಣೆಯ ಒತ್ತಡದ ಲೆಕ್ಕ ತಪ್ಪುತ್ತದೆ. ಗುದ್ದಲಿ ಪೂಜೆಗೆ ಬರುವವರು ಬಹಳ. ಉದ್ಘಾಟನೆಯ ಫಲಕದ ಮೇಲೆ ಹೆಸರುಗಳೂ ಬಹಳ. ಜರಡಿ ಬದಲಿಸುವವನ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ಆದರೆ ರೈತನ ಹೊಲಕ್ಕೆ ಬರುವ ಸಸಿಯ ಆರೋಗ್ಯ ನಿಂತಿರುವುದು ಅವನ ಮೇಲೆ. ಕಟ್ಟುವ ದಿನವೇ ಅವನ ಸಂಬಳಕ್ಕೂ ಜರಡಿಯ ಬೆಲೆಗೂ ವರ್ಷವರ್ಷ ಹಣ ತೆಗೆದಿಡದ ಪ್ರಯೋಗಾಲಯ ಅರ್ಧ ಕಟ್ಟಿದ ಪ್ರಯೋಗಾಲಯವೇ ಸರಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಜನ ಇಂಥ ಕಟ್ಟಡ ತಮ್ಮ ಬಳಿ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನಲ್ಲ. ಜಾಗ ಬೆಳೆಗೂ ರೋಗಿಗೂ ಹತ್ತಿರವಿದೆಯೇ? ಕೆಲಸ ಒಂದೇ ದಿಕ್ಕಿಗೆ ಹರಿಯುತ್ತದೆಯೇ? ಗಾಳಿ ಎತ್ತ ಹೋಗುತ್ತದೆ? ಒಳಗೆ ದುಡಿಯುವ ಹೆಣ್ಣುಮಕ್ಕಳಿಗೆ ಬೇಕಾದ ಸೌಕರ್ಯವಿದೆಯೇ? ಗೊಬ್ಬರ ಮೆತ್ತಿದ ಕೈಯಲ್ಲಿ ಕೊಳೆತ ಗಡ್ಡೆ ಹಿಡಿದು ಬರುವ ರೈತನಿಗೆ ಕೂರಲು ಒಂದು ಜಗಲಿ, ತೋರಿಸಲು ಒಂದು ಮೇಜು, ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇದ್ದಾರೆಯೇ? ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ, ಉಳಿದವಕ್ಕೆಲ್ಲ ಹೌದೆಂದರೂ ಪ್ರಯೋಜನ ಕಡಿಮೆ. ಏಕೆಂದರೆ ರೋಗದ ಸುದ್ದಿ ಪ್ರಯೋಗಾಲಯಕ್ಕೆ ಮೊದಲು ತಲುಪುವುದು ಆ ಕೈಗಳಿಂದಲೇ. ಕ್ಯಾಸನೂರಿನ ಕಾಡಿನಲ್ಲಿ ಮಂಗ ಸತ್ತದ್ದನ್ನು ಮೊದಲು ಕಂಡವರು ಸೌದೆಗೆ ಹೋದವರು.

ಹಗೇವನ್ನು ತೋಡಿದವರು ಓದು ಬರಹ ಬಲ್ಲವರೇ ಆಗಿರಲಿಲ್ಲ. ಆದರೆ ಒಳಗೆ ಇಳಿಯುವ ಮೊದಲು ದೀಪ ಇಳಿಬಿಡಬೇಕೆಂಬುದು ಅವರಿಗೆ ಗೊತ್ತಿತ್ತು. ಇಳಿಯುವವನು ಮನೆಯ ಮಗನೋ ಆಳುಮಗನೋ ಎಂದು ದೀಪ ಭೇದ ಮಾಡುತ್ತಿರಲಿಲ್ಲ. ಹೊಸ ಕಾಲದ ಕಣಜಗಳನ್ನು ಕಟ್ಟುವವರು ಆ ದೀಪವನ್ನು ಕೈಯಲ್ಲಿ ಹಿಡಿದುಕೊಂಡಿರಲಿ. ಮುಂದಿನ ಮುಂಗಾರಿನಲ್ಲಿ ಗೊರೂರಿನ ಹೊಲಗಳಿಗೆ ಇಳಿಯುವ ಸಸಿ ಅಂಥ ಮನೆಯಿಂದ ಬಂದದ್ದಾಗಿರಲಿ.